ಬಿಟ್ಟಿ ಆಟ, ಬಿಟ್ಟಿ ಚಾಕರಿ

ಏಪ್ರಿಲ್ ರಜೆಯಲ್ಲಿ ಊರಿಗೆ ಹೋದಾಗ ಅಪ್ಪಯ್ಯ ಮೊಮ್ಮಗನ ಬಗ್ಗೆ ಭಾರೀ ಹೆಮ್ಮೆಯಲ್ಲಿದ್ದರು. "ಮಾಣಿ ದಿನಾ ಐದೂವರೆಗೆ ಏಳ್ತಾನೆ, ಯಾರೂ ಎಬ್ಬಿಸೋದೇ ಬೇಡ" ಅಂತ ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದುವ ಹುಡುಗ ನಮ್ಮ ವಂಶದಲ್ಲಿ ಹುಟ್ಟಿದ್ದು ನನಗೂ ಆಶ್ಚರ್ಯವೇ. ಎರಡನೇ ದಿನ ನೀರು ಕುಡಿಯಲು ಎದ್ದವನು ನೋಡುತ್ತೇನೆ, ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಾನೆ. ಅತ್ತಿಗೆಯ ಲ್ಯಾಪ್‌ಟಾಪಿನ ನೀಲಿ ಬೆಳಕು ಮುಖದ ಮೇಲೆ. ತೆರೆಯ ನಡುವೆ ಒಂದು ಪೆಟ್ಟಿಗೆ ಕುಣಿಯುತ್ತಿತ್ತು. ಒತ್ತಿದ. ಪೆಟ್ಟಿಗೆ ಒಡೆದು ನಾಣ್ಯ ಸುರಿದವು.

"ಏನೋ ಇದು?"

"ದಿನದ ಬಹುಮಾನ ಚಿಕ್ಕಪ್ಪ. ಇವತ್ತಿಗೆ ಇಪ್ಪತ್ತಾರು ದಿನ. ಮೂವತ್ತಾದ್ರೆ ಡ್ರ್ಯಾಗನ್ ಸಿಗತ್ತೆ."

"ಐದೂವರೆಗೇ ಯಾಕೆ ಎದ್ದೆ? ತಿಂಡಿ ತಿಂದು ಒತ್ತಿದ್ರಾಗಲ್ವಾ?"

"ಹೊಸ ದಿನ ಶುರುವಾಗೋದೇ ಐದೂವರೆಗೆ. ಮೊದಲ ಅರ್ಧ ಗಂಟೆ ಎಲ್ಲಾ ಡಬಲ್. ಒಂದು ದಿನ ತಪ್ಪಿದ್ರೆ ಮತ್ತೆ ಒಂದರಿಂದ."

ಹೊಸ ದಿನ ಐದೂವರೆಗೆ ಹೇಗೆ ಶುರುವಾಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಜಗತ್ತಿನ ಸರ್ವರುಗಳು ಎಣಿಸುವ ಅಂತರರಾಷ್ಟ್ರೀಯ ಸಮಯದಲ್ಲಿ ಮಧ್ಯರಾತ್ರಿ ಹನ್ನೆರಡಾದಾಗ ನಮ್ಮಲ್ಲಿ ಬೆಳಗಿನ 5:30. ಆಟ ಮಾಡಿದವರು ಯಾರೋ, ಎಲ್ಲಿಯವರೋ. ಅವರ ಗಡಿಯಾರ ತಿರುಗಿದ್ದಕ್ಕೆ ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಹತ್ತು ವರ್ಷದ ಹುಡುಗ ಕೋಳಿಗಿಂತ ಮುಂಚೆ ಎದ್ದು ಹಾಜರಿ ಹಾಕುತ್ತಿದ್ದ.

ನನ್ನದು ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕಿದರೆ ಸಂಬಳ ಕೊಡುತ್ತಾರೆ. ನಮ್ಮ ಊರಲ್ಲಿ ಇದನ್ನು ಪುಕ್ಕಟೆ ಮಾಡುವವರು ಬಹಳ ಜನ ಇದ್ದಾರೆ, ಇರಲಿ. ಬಗ್ ಬರೆದು ಕಳಿಸಿದಾಗ ಡೆವಲಪರ್ ಕಡೆಯಿಂದ ಬರುವ ಉತ್ತರಗಳಲ್ಲಿ ಎಲ್ಲಕ್ಕಿಂತ ಮೈ ಉರಿಸುವುದು 'ಆ್ಯಸ್ ಡಿಸೈನ್ಡ್'. ನೀನು ತಪ್ಪು ಅಂತ ತೋರಿಸಿದ್ದು ತಪ್ಪಲ್ಲ ಮಾರಾಯ, ನಾವು ಬೇಕಂತಲೇ ಹಾಗೆ ಮಾಡಿದ್ದು, ಅಂತ ಅರ್ಥ. ಬ್ರೌಸರಿನಲ್ಲಿ ಬಿಟ್ಟಿ ಸಿಗುವ ಆಟಗಳನ್ನು ಹದಿನೆಂಟು ವರ್ಷದಿಂದ ಆಡುತ್ತ, ಬೈಯುತ್ತ ಬಂದಿದ್ದೇನೆ. ಅವುಗಳಲ್ಲಿ ನಿಜವಾದ ಬಗ್‌ಗಳನ್ನೆಲ್ಲ ಕ್ಷಮಿಸಿದ್ದೇನೆ. ಕ್ಷಮಿಸಲಾಗದ್ದೆಲ್ಲ ಆ್ಯಸ್ ಡಿಸೈನ್ಡ್.

ಪಿಯುಸಿಯಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಗಂಟೆಗೆ 20 ರೂಪಾಯಿ, ಅರ್ಧ ಗಂಟೆಗೆ 12. ಪ್ಲೈವುಡ್ಡಿನ ಗೂಡುಗಳು, ಪ್ರತಿ ಗೂಡಿಗೂ ಒಂದು ನಂಬರು. ನಾನು ನಾಲ್ಕನೇ ನಂಬರಿಗೆ ಕಾಯುತ್ತಿದ್ದೆ. ಬೇರೆಲ್ಲ ಖಾಲಿ ಇದ್ದರೂ ಬೆಂಚಿನ ಮೇಲೆ ಕೂತು ಅದಕ್ಕೇ ಕಾಯುವುದು. ಅಂಗಡಿಯ ಅಣ್ಣನಿಗೆ ಇದು ಏನೋ ವಾಸ್ತುವಿನ ಹುಚ್ಚು ಅನ್ನಿಸಿತ್ತು. ವಿಷಯ ಸರಳ: ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ ಆಗಿನ ಆಟಗಳು ನಾವು ಎಲ್ಲಿಯವರೆಗೆ ಆಡಿದ್ದೇವೆ ಅನ್ನುವುದನ್ನು ಆ ಕಂಪ್ಯೂಟರಿನೊಳಗೇ ಒಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತಿದ್ದವು. ಖಾತೆ ಇಲ್ಲ, ಪಾಸ್‌ವರ್ಡ್ ಇಲ್ಲ. ಕೋಟೆ ಕಾಯುವ ಒಂದು ಆಟದಲ್ಲಿ ನನ್ನ ಮೂವತ್ತೆಂಟನೇ ಹಂತ ನಾಲ್ಕನೇ ನಂಬರಿನ ಹೊಟ್ಟೆಯಲ್ಲಿತ್ತು. ಒಂದು ಶನಿವಾರ ಹೋದರೆ ಮೊದಲ ಹಂತ ತೋರಿಸಿತು. "ವೈರಸ್ ಬಂದಿತ್ತು, ಫಾರ್ಮ್ಯಾಟ್ ಹೊಡೆದೆ" ಅಂದರು ಅಣ್ಣ, ಬಚ್ಚಲು ತೊಳೆದೆ ಅನ್ನುವ ಧಾಟಿಯಲ್ಲಿ.

ಅವತ್ತು ಅಳು ಬಂದಿದ್ದು ನಿಜ. ಆದರೆ ಆಟದ ಮೇಲೆ ಸಿಟ್ಟು ಬರಲಿಲ್ಲ. ಅದು ಬಡವರ ಮನೆಯ ಸೋರುವ ಮಾಡಿನಂಥ ದೋಷ. ಆ ಕಾಲದ ಆಟಗಳ ತುಂಬ ಇಂಥವೇ. ಕೆಳಗಿನ ಬಾಣದ ಕೀಲಿ ಒತ್ತಿದರೆ ಆಟದ ಮನುಷ್ಯ ಕೂರುವ ಬದಲು ಇಡೀ ಪೇಜೇ ಕೆಳಗೆ ಜಾರುವುದು. ಸ್ಪೇಸ್ ಒತ್ತಿ ಹಾರಲು ಹೋದರೆ ಆಟವೇ ತೆರೆಯಿಂದ ಹಾರಿಹೋಗಿ ಕೆಳಗಿನ ಜಾಹೀರಾತು ಕಾಣುವುದು. ಕೊನೆಯಲ್ಲಿ ಸ್ಕೋರಿನ ಪಟ್ಟಿಗೆ ಹೆಸರು ಬರೆಯುವಾಗ ಒಂದಕ್ಷರ ತಪ್ಪಿತೆಂದು ಬ್ಯಾಕ್‌ಸ್ಪೇಸ್ ಒತ್ತಿದಿರೋ, ಬ್ರೌಸರು ಹಿಂದಿನ ಪೇಜಿಗೆ ಹೋಗಿಬಿಡುತ್ತಿತ್ತು. ಹೆಸರೂ ಇಲ್ಲ, ಸ್ಕೋರೂ ಇಲ್ಲ. ಕ್ರೋಮ್ ಆ ಅಭ್ಯಾಸ ಬಿಟ್ಟಿದ್ದು 2016ರಲ್ಲಿ. ಆಟ ಶುರುವಾಗುವುದೇ ತಡ ತಮಟೆ ಬಡಿದ ಹಾಗೆ ಸಂಗೀತ, ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಆಫೀಸಿನ ಅರ್ಧ ಜನ ತಿರುಗಿ ನೋಡಿಯಾಗಿರುತ್ತದೆ. ಇದರ ಸಾಕ್ಷಿ ನಾನೇ.

ಇವನ್ನೆಲ್ಲ ಮಾಡಿದವರು ಹೆಚ್ಚಾಗಿ ಹುಡುಗರು, ಮನೆಯಲ್ಲಿ ಕೂತು ರಾತ್ರಿ ಹೊತ್ತು ಮಾಡಿದ್ದು. 1996ರಲ್ಲಿ ಮ್ಯಾಕ್ರೋಮೀಡಿಯಾ ಕೈಗೆ ಬಂದ ಫ್ಲ್ಯಾಶ್, 2005ರಲ್ಲಿ ಕಂಪನಿಯ ಜೊತೆಗೇ ಅಡೋಬಿ ಪಾಲಾಯಿತು. ಚಿತ್ರ ಬರೆದು ಅದಕ್ಕೆ ನಾಲ್ಕು ಸಾಲು ಕೋಡು ಅಂಟಿಸಿದರೆ ಆಟ ತಯಾರು ಅನ್ನುವಷ್ಟು ಸಲೀಸು ಮಾಡಿತ್ತು ಅದು. ನ್ಯೂಗ್ರೌಂಡ್ಸ್, ಕಾಂಗ್ರಿಗೇಟ್‌ನಂಥ ತಾಣಗಳಿಗೆ ಹೋದರೆ ಜಾತ್ರೆ. ಬೆನೆಟ್ ಫಾಡಿ ಎಂಬಾತ 2008ರಲ್ಲಿ ಮಾಡಿದ ಓಟದ ಆಟ ನೆನಪಿರಬಹುದು: ಕ್ಯೂ, ಡಬ್ಲ್ಯೂ ಒತ್ತಿದರೆ ತೊಡೆ, ಓ, ಪಿ ಒತ್ತಿದರೆ ಮೀನಖಂಡ. ನೂರು ಮೀಟರ್ ಓಡಬೇಕು. ಎರಡು ಹೆಜ್ಜೆಗೆ ಮೂಗು ನೆಲಕ್ಕೆ. ಎಷ್ಟು ಸಲ ಬಿದ್ದರೂ ಅದು ನನ್ನಿಂದ ಏನೂ ಕೇಳಲಿಲ್ಲ. ಮತ್ತೆ ಎದ್ದೇಳು ಅಂತಷ್ಟೇ.

ಕೇಳುವ ಆಟಗಳು ಬೇರೆ ಕಡೆಯಿಂದ ಬಂದವು. ಜರ್ಮನಿಯ ಓಗೇಮ್ (2002), ಟ್ರೇವಿಯನ್ (2004) ಇವುಗಳದ್ದು ಒಂದು ಜಾತಿ. ನೀವು ಬ್ರೌಸರ್ ಮುಚ್ಚಿದರೂ ಆಟ ನಡೆಯುತ್ತಲೇ ಇರುತ್ತದೆ. ಗಣಿ ತೋಡುತ್ತಿರುತ್ತದೆ, ಕಣಜ ತುಂಬುತ್ತಿರುತ್ತದೆ, ನೀವು ಮಲಗಿದಾಗ ಪಕ್ಕದವನು ಬಂದು ದೋಚುತ್ತಿರುತ್ತಾನೆ. ಓಗೇಮ್ ಆಡುವವರು ಮಲಗುವ ಮುಂಚೆ ತಮ್ಮ ಹಡಗುಗಳನ್ನೆಲ್ಲ ಕಾರಣವಿಲ್ಲದೆ ದೂರದ ಗ್ರಹಕ್ಕೆ ಅಟ್ಟಿ, ತಾವು ಏಳುವ ಹೊತ್ತಿಗೆ ಸರಿಯಾಗಿ ವಾಪಸು ಬರುವಂತೆ ಲೆಕ್ಕ ಹಾಕುತ್ತಿದ್ದರು. ಹಡಗು ಮನೆಯಲ್ಲಿರದಿದ್ದರೆ ಯಾರೂ ಸುಡಲಾರರು. ಅದಕ್ಕೆ ಫ್ಲೀಟ್‌ಸೇವ್ ಅಂತ ಹೆಸರೇ ಇತ್ತು. ಟ್ರೇವಿಯನ್ನಿನಲ್ಲಿ ನೀವಿಲ್ಲದಾಗ ಖಾತೆ ನೋಡಿಕೊಳ್ಳಲು ಇಬ್ಬರನ್ನು ನೇಮಿಸಿಕೊಳ್ಳುವ ವ್ಯವಸ್ಥೆ ಆಟದೊಳಗೇ ಇತ್ತು. ಸ್ವಲ್ಪ ಯೋಚಿಸಿ. ಆಡುವವನಿಗೆ ನಿದ್ದೆ ಅನ್ನುವುದೊಂದು ಇದೆ ಅಂತ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಪರಿಹಾರವಾಗಿ ಅವರು ಕೊಟ್ಟಿದ್ದು ಪಾಳಿ ವ್ಯವಸ್ಥೆ!

ನಾನು ಸಿಕ್ಕಿಬಿದ್ದಿದ್ದು ಇದೇ ಜಾತಿಯ ಮೂರನೆಯ ಒಂದು ಆಟಕ್ಕೆ. ಹೆಸರು ಬೇಡ, ಅದು ಈಗ ಇಲ್ಲ. ಬೆಂಗಳೂರಿಗೆ ಬಂದ ಮೊದಲ ವರ್ಷ, ವಿಜಯನಗರದ ಒಂದು ಪಿಜಿ, ರೂಮಿಗೆ ಮೂವರು. ಮೊದಲ ಗೋಡೆ ಕಟ್ಟಲು ಎರಡು ನಿಮಿಷ ಹಿಡಿಯಿತು. ಎರಡನೆಯದಕ್ಕೆ ಆರು. ಹತ್ತನೆಯದಕ್ಕೆ ಒಂಬತ್ತು ಗಂಟೆ. ಆ ಒಂಬತ್ತು ಗಂಟೆಯ ಎದುರಿಗೆ ಚಿನ್ನದ ಬಣ್ಣದ ಗುಂಡಿ: 'ಕೂಡಲೇ ಮುಗಿಸು'. ಟೆಸ್ಟರ್ ಆಗಿ ನೋಡಿದರೆ ಆ ಗುಂಡಿ ಇರುವ ಜಾಗದಲ್ಲೇ ಎಲ್ಲ ತಿಳಿಯುತ್ತದೆ. ಕಾಯುವುದು ಆಟದ ಭಾಗವಾಗಿದ್ದರೆ ಅದನ್ನು ತಪ್ಪಿಸಲು ಯಾರಾದರೂ ದುಡ್ಡು ಯಾಕೆ ಕೊಡಬೇಕು? ಊಟ ಚೆನ್ನಾಗಿದ್ದರೆ, ಬೇಗ ಮುಗಿಸಿ ಏಳಲು ಹೋಟೆಲಿನವರು ಹಣ ಕೇಳುತ್ತಾರೆಯೇ? ಮೊದಲು ತುರಿಕೆ ಸೊಪ್ಪು ತಾಗಿಸಿ, ಆಮೇಲೆ ಎಣ್ಣೆ ಮಾರುವುದು ಇದು.

ನಾನು ದುಡ್ಡು ಕೊಡಲಿಲ್ಲ. ಹೆಮ್ಮೆ ಪಡುವಂಥದ್ದೇನಿಲ್ಲ, ಇರಲಿಲ್ಲ ಅಷ್ಟೆ. ಬದಲಿಗೆ ಮೂರು ಗಂಟೆಗೆ ಅಲಾರಂ ಇಟ್ಟೆ. ದಿಂಬಿನ ಕೆಳಗೆ ಮೊಬೈಲು, ಎರಡು ಇಂಚಿನ ತೆರೆ, ತೆವಳುವ ನೆಟ್ಟು. ಎದ್ದು, ಒಂದು ಸಾಲು ಒತ್ತಿ, ಮತ್ತೆ ಮಲಗುವುದು. ಹನ್ನೊಂದು ರಾತ್ರಿ ಹಾಗೆ ನಡೆಯಿತು. ಹನ್ನೆರಡನೇ ರಾತ್ರಿ ಅಲಾರಂ ಹೊಡೆದಿದ್ದು ನನಗೆ ಕೇಳಿಸಲಿಲ್ಲ, ಪಕ್ಕದ ಮಂಚದವನಿಗೆ ಕೇಳಿಸಿತು. ಅವನಿಗೆ ಬೆಳಗ್ಗೆ ಇಂಟರ್‌ವ್ಯೂ ಇತ್ತು. ಎದ್ದು, ನನ್ನ ಮೊಬೈಲಿನ ಬ್ಯಾಟರಿ ಕಿತ್ತು, ಕಿಟಕಿಯ ಮೇಲಿಟ್ಟು ಮಲಗಿದ. ಬೆಳಗ್ಗೆ ನೋಡಿದರೆ ನನ್ನ ಹಳ್ಳಿಯ ಕಣಜದಲ್ಲಿ ಒಂದು ಕಾಳಿಲ್ಲ. "ಯಾರ್ ದೋಚಿದ್ರು ಗುರು?" ಅಂದ, ಹಲ್ಲುಜ್ಜುತ್ತಾ. ಒಂದು ವಾರ ಅವನ ಹತ್ತಿರ ಮಾತು ಬಿಟ್ಟಿದ್ದೆ. ಒಂದು ಸುಳ್ಳು ಹಳ್ಳಿಗಾಗಿ!

'ಬಿಟ್ಟಿ' ಅನ್ನುವ ಮಾತು ನನಗೆ ಸರಿಯಾಗಿ ಅರ್ಥವಾಗಿದ್ದು ಆಗ. ಬಿಟ್ಟಿ ಸಿಕ್ಕರೆ ನಂಗೂ ಇರಲಿ ನಮ್ಮಪ್ಪಂಗೂ ಇರಲಿ ಅನ್ನುವಾಗಿನ ಬಿಟ್ಟಿ ಒಂದು: ಕಾಸಿಲ್ಲದೆ ಸಿಗುವುದು. ಬಿಟ್ಟಿ ಚಾಕರಿಯ ಬಿಟ್ಟಿ ಇನ್ನೊಂದು: ಕೂಲಿಯಿಲ್ಲದೆ ದುಡಿಸಿಕೊಳ್ಳುವುದು. ಸಂಸ್ಕೃತದ ವಿಷ್ಟಿಯಿಂದ ಬಂದ ಈ ಎರಡನೇ ಅರ್ಥವೇ ಹಳೆಯದು. ಊರಿನ ಒಡೆಯನಿಗೆ ಜನ ಮಾಡಬೇಕಿದ್ದ ದುಡಿಮೆಯ ಹೆಸರಾಗಿ ಶಾಸನಗಳಲ್ಲೂ ಬರುತ್ತದೆ. ಕಾಸು ಕೊಡದೆ ಒಳಗೆ ಹೋದವನು ಹೊರಗೆ ಬರುವಷ್ಟರಲ್ಲಿ ಒಡೆಯನ ಹೊಲದಲ್ಲಿದ್ದ.

ಹೊಲ ಅಂದಾಗ ಫಾರ್ಮ್‌ವಿಲ್ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜೂನ್ 2009ರಲ್ಲಿ ಝಿಂಗಾ ಕಂಪನಿ ಫೇಸ್‌ಬುಕ್ಕಿಗೆ ತಂದ ಈ ಬೇಸಾಯದ ಆಟ ಮರುವರ್ಷದ ಹೊತ್ತಿಗೆ ತಿಂಗಳಿಗೆ 8 ಕೋಟಿ ಜನ ಆಡುವಷ್ಟು ಬೆಳೆದಿತ್ತು. ಕಾಲೇಜಿನ ರಜೆಯಲ್ಲಿ ನಾನು ಡೇಟಾ ಕಾರ್ಡ್ ಚುಚ್ಚಿ, ಮಹಡಿಯ ಮೇಲೆ ಸಿಗ್ನಲ್ ಸಿಗುವ ಒಂದೇ ಒಂದು ಮೂಲೆಯಲ್ಲಿ ಕೂತು ಸ್ಟ್ರಾಬೆರಿ ಬೆಳೆಯುತ್ತಿದ್ದೆ. ಒಣ ಅಡಿಕೆಯ ಚೀಲ ನೋಡಲು ಮೇಲೆ ಬಂದ ಅಪ್ಪಯ್ಯ ಹಿಂದೆ ನಿಂತು ಐದು ನಿಮಿಷ ನೋಡಿದರು.

"ಎಷ್ಟು ದಿನಕ್ಕೆ ಬರತ್ತೆ ಇದು?"

"ನಾಲ್ಕು ಗಂಟೆ."

ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಯಾರು ಬಿಡ್ತಾರೆ?" ಅಂದರು. ನೀರು ಬಿಡುವುದು ಬೇಡ ಅಂದೆ. "ಕೊಳೆ ಬರಲ್ವಾ?" ಬರಲ್ಲ. "ಮಂಗ?" ಇಲ್ಲ. "ಮತ್ತೆ ಕಷ್ಟ ಏನು ಇದರಲ್ಲಿ?"

ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಬೆಳೆ ಒಣಗಿಹೋಗುತ್ತದೆ ಅಂತ ವಿವರಿಸಿದೆ. ಅಪ್ಪಯ್ಯ ನಕ್ಕರು. "ಮಳೆಗೆ ಹೋಗೋದಿಲ್ಲ, ರೋಗಕ್ಕೆ ಹೋಗೋದಿಲ್ಲ, ನೀ ನೋಡಲಿಲ್ಲ ಅಂತ ಹೋಗತ್ತಾ? ಅದು ಬೆಳೆಯಲ್ಲ ಮಾರಾಯ, ನೆಂಟರು."

ಫಾರ್ಮ್‌ವಿಲ್ ಬಗ್ಗೆ ಆಮೇಲೆ ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಮುಂದೆ ಹೋಗಲಿಲ್ಲ. ಒಂದು ಬೇಸಾಯದ ಆಟದಿಂದ ಬೇಸಾಯದ ಅನಿಶ್ಚಿತತೆಯನ್ನೆಲ್ಲ ಕಿತ್ತುಹಾಕಿ, ಉಳಿದ ಒಂದೇ ಒಂದು ಕಷ್ಟವನ್ನು ಆಡುವವನ ಗೈರುಹಾಜರಿಗೆ ಕಟ್ಟಿದ್ದಾರೆ. ತೋಟದಲ್ಲಿ ನಿಜವಾಗಿ ಮಾಡುವ ನಿರ್ಧಾರಗಳು ಯಾವುವು? ಔಷಧಿ ಮಳೆಗೆ ಮುಂಚೆ ಹೊಡೆಯುವುದೋ, ಒಂದು ಹೊಳವು ಸಿಗಬಹುದು ಅಂತ ಕಾಯುವುದೋ; ಈ ವರ್ಷ ಮಾರುವುದೋ, ಇಟ್ಟುಕೊಳ್ಳುವುದೋ. ತಪ್ಪಬಹುದು, ಆದರೆ ತಪ್ಪಿದ್ದು ನಮ್ಮದೇ ಬುದ್ಧಿ. ಫಾರ್ಮ್‌ವಿಲ್‌ನಲ್ಲಿ ನನ್ನ ಬುದ್ಧಿಗೆ ಕೆಲಸವೇ ಇರಲಿಲ್ಲ, ನನ್ನ ಹಾಜರಿಗೆ ಮಾತ್ರ ಇತ್ತು. ಅದರ ಜೊತೆಗೆ ಫೇಸ್‌ಬುಕ್ಕಿನ ಪರಿಚಯದವರಿಗೆಲ್ಲ ನನ್ನ ಹೆಸರಿನಲ್ಲಿ ಹೋಗುವ ಬೇಡಿಕೆಗಳು. ಎಸ್ಸೆಸ್ಸೆಲ್ಸಿಯ ಮೇಲೆ ಒಮ್ಮೆಯೂ ಮಾತಾಡಿಸದ ಗೆಳೆಯನ ಹತ್ತಿರ ಒಂದು ಮೊಳೆ ಬೇಡಿದ್ದೇನೆ.

ಇದನ್ನು ಅಣಕಿಸಲೆಂದೇ ಇಯಾನ್ ಬೋಗೋಸ್ಟ್ ಎಂಬ ಪ್ರಾಧ್ಯಾಪಕ 2010ರಲ್ಲಿ ಕೌ ಕ್ಲಿಕ್ಕರ್ ಅಂತ ಒಂದು ಆಟ ಮಾಡಿದರು. ಒಂದು ಹಸು ಇರುತ್ತದೆ, ಒತ್ತಬಹುದು. ಆರು ಗಂಟೆ ಬಿಟ್ಟು ಮತ್ತೆ ಒತ್ತಬಹುದು. ಮುಗಿಯಿತು. ಹಣ ಕೊಟ್ಟರೆ ಬೇರೆ ಹಸು. ಅವುಗಳಲ್ಲೊಂದು ಅದೇ ಹಸು, ಆಚೆ ಕಡೆಗೆ ಮುಖ ಮಾಡಿದ್ದು. ಜೋಕು ಅರ್ಥವಾಗಿ ಜನ ನಕ್ಕು ಸುಮ್ಮನಾಗಬೇಕಿತ್ತು. ಸಾವಿರಾರು ಜನ ಕೂತು ನಿಷ್ಠೆಯಿಂದ ಆಡಿದರು. 2011ರಲ್ಲಿ ಆತ ಹಸುಗಳನ್ನೆಲ್ಲ ಮಾಯ ಮಾಡಿದ ಮೇಲೂ ಕೆಲವರು ಹಸುವಿದ್ದ ಖಾಲಿ ಜಾಗವನ್ನು ಒತ್ತುತ್ತಿದ್ದರಂತೆ. ನನಗೆ ನಗು ಬರುವುದಿಲ್ಲ, ಮೂರು ಗಂಟೆಯ ಅಲಾರಂ ನೆನಪಾಗುತ್ತದೆ.

ಒಂದು ತಕರಾರು ಇಲ್ಲೇ ಹೇಳಿಬಿಡಬೇಕು: ಆಟ ಮಾಡಿದವರೂ ಊಟ ಮಾಡಬೇಕಲ್ಲ? ಮಾಡಬೇಕು. ಸರ್ವರಿಗೆ ಬಾಡಿಗೆ ಇದೆ, ಮನೆಗೂ ಇದೆ. ಆಟದ ಮುಂಚೆ ಒಂದು ಜಾಹೀರಾತು ಹಾಕಿ, ಟೋಪಿಯ ಬಣ್ಣ ಬದಲಿಸಲು ನೂರು ರೂಪಾಯಿ ಕೇಳಿ, ನನ್ನ ಅಭ್ಯಂತರವಿಲ್ಲ. ಕೈಯಲ್ಲಿ ಕಾಸು ಬಂದ ಮೇಲೆ ನಾನು ಕೊಟ್ಟಿದ್ದೂ ಇದೆ. ಅಭ್ಯಂತರ ಇರುವುದು ಜಾಹೀರಾತು ಮುಚ್ಚುವ ಎಕ್ಸ್ ಗುರುತನ್ನು ಸಾಸಿವೆ ಗಾತ್ರಕ್ಕಿಳಿಸಿ ಅದರ ಪಕ್ಕ ಇನ್ನೊಂದು ಸುಳ್ಳು ಎಕ್ಸ್ ಇಡುವುದಕ್ಕೆ. '09:59' ಅಂತ ಕೆಂಪಗೆ ಇಳಿಯುವ ಗಡಿಯಾರ ಪೇಜನ್ನು ಮತ್ತೆ ತೆರೆದಾಗ ಪುನಃ '09:59' ಆಗುವುದಕ್ಕೆ. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿತು. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಮೊದಲನೆಯದು. ಮಾರಾಟದ ತಾಣಗಳನ್ನು ಮನಸ್ಸಿನಲ್ಲಿಟ್ಟು ಬರೆದ ಹಾಗಿದೆ. ಆದರೆ ಓದುವಾಗ ಪ್ರತಿ ಸಾಲಿಗೂ ನನಗೊಂದು ಆಟ ನೆನಪಾಯಿತು.

ಹಾಗಂತ ಬಿಟ್ಟಿ ಕೊಟ್ಟವರೆಲ್ಲ ಹೀಗೆ ಅಲ್ಲ. ಕ್ರೋಮಿನಲ್ಲಿ ನೆಟ್ ಹೋದಾಗ ಬರುವ ಡೈನೋಸಾರ್ 2014ರಿಂದ ಓಡುತ್ತಿದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಮನೆಯ ಸದಸ್ಯ. ನೆಟ್ ಇಲ್ಲದಾಗ ಮಾತ್ರ ತಾನಾಗಿ ಬರುವ ಆಟ, ಆದ್ದರಿಂದ ಅದು ಏನನ್ನೂ ಮಾರಲಾರದು. ನೆಟ್ ಬಂದ ಕೂಡಲೇ ಜಾಗ ಬಿಟ್ಟು ಹೋಗುತ್ತದೆ. ಅದೇ ವರ್ಷ ಮಾರ್ಚಿನಲ್ಲಿ ಗ್ಯಾಬ್ರಿಯೆಲೆ ಚಿರುಲ್ಲಿ ಎಂಬ 19ರ ಇಟಲಿಯ ಹುಡುಗ ಒಂದು ವಾರಾಂತ್ಯದಲ್ಲಿ 2048 ಎಂಬ, ಸಂಖ್ಯೆಯ ಚೌಕಗಳನ್ನು ಸರಿಸಿ ಕೂಡಿಸುವ ಆಟ ಮಾಡಿ, ಕೋಡನ್ನೂ ಎಲ್ಲರಿಗೆ ಬಿಟ್ಟುಕೊಟ್ಟ. ಅದಕ್ಕೂ ದೋಷವಿದೆ: ದೊಡ್ಡ ಸಂಖ್ಯೆಯನ್ನು ಒಂದು ಮೂಲೆಗೆ ಒತ್ತಿ ಹಿಡಿಯುವುದು ಗೊತ್ತಾದ ಮೇಲೆ ಅರ್ಧ ಆಟ ಕೈಯ ಚಾಳಿಯಾಗುತ್ತದೆ. ಅದರ ಮೂಲ ಅನ್ನಬಹುದಾದ, ದುಡ್ಡು ಕೊಟ್ಟು ಕೊಳ್ಳಬೇಕಿದ್ದ ತ್ರೀಸ್ ಆಟವನ್ನು ತಿಂಗಳುಗಟ್ಟಲೆ ತಿದ್ದಿ ತೀಡಿದವರಿಗೆ ಈ ಬಿಟ್ಟಿ ತಮ್ಮ ಗೆದ್ದಿದ್ದು ಹೊಟ್ಟೆ ಉರಿಸಿದ್ದರಲ್ಲಿ ತಪ್ಪೇನೂ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ವರ್ಡಲ್. ಜಾಶ್ ವಾರ್ಡಲ್ ತನ್ನ ಸಂಗಾತಿಗೆಂದು ಮಾಡಿ, 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದಿದ್ದು. ಮರುವರ್ಷ ಜನವರಿಯಲ್ಲೇ ನ್ಯೂಯಾರ್ಕ್ ಟೈಮ್ಸ್ ಕೊಂಡಿತು. ಚೌಕಗಳಲ್ಲಿ ಅಕ್ಷರ ತುಂಬಿ ಒಂದು ಇಂಗ್ಲಿಷ್ ಪದ ಊಹಿಸಬೇಕು; ಅಕ್ಷರ ಸರಿಯಿದ್ದು ಜಾಗ ತಪ್ಪಿದ್ದರೆ ಚೌಕ ಹಳದಿಯಾಗುತ್ತದೆ. ದಿನಕ್ಕೆ ಒಂದೇ ಪದ. ಆಡಿದಿರಾ, ಇವತ್ತಿಗೆ ಸಾಕು, ನಾಳೆ ಬನ್ನಿ. ಸಂಜೆ ಲೈಬ್ರರಿ ಮುಚ್ಚುವ ಹಾಗೆ ಮುಚ್ಚುವ ಆಟವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇದನ್ನು ಕನ್ನಡಕ್ಕೆ ಒಗ್ಗಿಸುವುದು ಹೇಗೆ ಅಂತ ಒಂದು ಭಾನುವಾರ ಪೂರ್ತಿ ಕಾಗದದ ಮೇಲೆ ಗೀಚಿದ್ದೆ. 'ಸ್ತ್ರೀ'ಯನ್ನು ಒಂದು ಚೌಕದಲ್ಲಿ ಹಾಕಿದರೆ ಊಹಿಸುವವನು ಸತ್ತ, ನಾಲ್ಕು ಚೌಕಕ್ಕೆ ಒಡೆದರೆ ಅದು ಕನ್ನಡವಾಗಿ ಕಾಣುವುದಿಲ್ಲ. ಬರೀ ವ್ಯಂಜನ ಹೊಂದಿದರೆ ಅರ್ಧ ಹಳದಿ ಕೊಡುವುದೇ? ಗುಣಿತ ಹೊಂದಿದರೆ? ಕೊನೆಗೆ ಬಿಟ್ಟೆ. ಆದರೆ ಆ ಭಾನುವಾರ ಆಟ ಆಡಿದ್ದಕ್ಕಿಂತ ಹೆಚ್ಚು ಖುಷಿಯಾಗಿತ್ತು.

ಮಾಣಿಯ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆಂಟನೇ ದಿನ ಸಂಜೆ ಗುಡುಗು ಮಳೆ ಬಂತು. ಯಾವುದೋ ಮರ ಬಿದ್ದು ಕರೆಂಟ್ ಹೋಯಿತು, ಟವರಿನ ಬ್ಯಾಟರಿ ರಾತ್ರಿಯೇ ಸತ್ತಿತು. ಬೆಳಗ್ಗೆ ಐದೂವರೆಗೆ ಅವನು ಎದ್ದಿದ್ದ. ಲ್ಯಾಪ್‌ಟಾಪಿನಲ್ಲಿ ಡೈನೋಸಾರ್ ನಿಂತಿತ್ತು. ನೆಟ್ ವಾಪಸು ಬಂದಿದ್ದು ಮಾರನೇ ದಿನ ಮಧ್ಯಾಹ್ನ, ಆಟ 'ದಿನ 1' ಅಂತ ತೋರಿಸಿತು. ಅತ್ತ. ನಾಲ್ಕನೇ ನಂಬರಿನ ಕಂಪ್ಯೂಟರಿನ ಎದುರು ನಾನು ಅತ್ತ ಹಾಗೇ. ಒಂದು ವ್ಯತ್ಯಾಸ: ಅವನ ಎದುರಿನ ತೆರೆಯ ಮೇಲೆ, ಇಂತಿಷ್ಟು ಹಣ ಕಟ್ಟಿದರೆ ಹೋದ ದಿನಗಳನ್ನು ಮರಳಿ ಪಡೆಯಬಹುದು ಅನ್ನುವ ಗುಂಡಿಯಿತ್ತು.

"ಚಿಕ್ಕಪ್ಪ, ಇದು ಬಗ್ಗಾ?" ಅಂದ.

"ನಿನಗೇನನ್ಸತ್ತೆ?"

"ಕರೆಂಟ್ ಹೋಗಿದ್ದು ನನ್ ತಪ್ಪಲ್ವಲ್ಲ. ಬಗ್ಗೇ."

ಇಬ್ಬರೂ ಕೂತು ರಿಪೋರ್ಟ್ ಬರೆದೆವು. ಏನಾಗಬೇಕಿತ್ತು, ಏನಾಯಿತು, ಮತ್ತೆ ಹಾಗೇ ಆಗುವಂತೆ ಮಾಡುವುದು ಹೇಗೆ, ಎಲ್ಲ ಕ್ರಮವಾಗಿ. 'ಮತ್ತೆ ಆಗುವಂತೆ ಮಾಡುವುದು ಹೇಗೆ' ಅನ್ನುವ ಕಡೆ ಅವನು "ಮರ ಬೀಳಿಸಬೇಕು" ಅಂತ ಹೇಳಿದ, ಹಾಗೇ ಬರೆದೆ. ಗಂಭೀರತೆ ಎಷ್ಟು ಅಂತ ಕೇಳಿದ್ದಕ್ಕೆ "ತುಂಬಾ" ಅಂದ.

ನಾಲ್ಕು ದಿನಕ್ಕೆ ಉತ್ತರ ಬಂತು. ನಾನಾಗಲೇ ಬೆಂಗಳೂರಿಗೆ ಬಂದಿದ್ದೆ, ಫೋನು ಮಾಡಿ ಓದಿ ಹೇಳಿದ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ಬಹುಮಾನದ ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಆದರೂ ಪ್ರೀತಿಯಿಂದ 50 ರತ್ನ ಕೊಡುತ್ತಿದ್ದೇವೆ.

"ಅಡ್ಡಿಲ್ಲ ಬಿಡು, ರತ್ನ ಆದ್ರೂ ಬಂತಲ್ಲ" ಅಂದೆ.

"ಇನ್ನೂ ಬಂದಿಲ್ಲ ಚಿಕ್ಕಪ್ಪ. ನಾಳೆ ಹೊಸ ದಿನ ಶುರುವಾದ ಮೇಲೆ ಅರ್ಧ ಗಂಟೆಯೊಳಗೆ ಒತ್ತಬೇಕಂತೆ." ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಅಪ್ಪಯ್ಯ ಯಾರಿಗೋ ಏನೋ ಹೇಳುತ್ತಿದ್ದುದು ಕೇಳಿಸುತ್ತಿತ್ತು. "ಅಲಾರಂ ಇಡ್ಲಾ, ಬೇಡ್ವಾ?"